ಸೊಟ್ಟ ಪಾದ: ಪ್ಲಾಸ್ಟರ್ ಬಿಚ್ಚಿದ ಮೇಲೇ ಇರುವುದು ಅಸಲಿ ಕೆಲಸ

ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುತ್ತದೆ. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಣ್ಣೆ ಹಚ್ಚಿ ನೀವಿದರೆ ನೆಟ್ಟಗಾಗುವುದೂ ಇಲ್ಲ. ವಾರವಾರ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ಸ್ವಲ್ಪಸ್ವಲ್ಪವೇ ತಿದ್ದುವ ಪೊನ್ಸೆಟಿ ವಿಧಾನದಲ್ಲಿ ದೊಡ್ಡ ಆಪರೇಷನ್ ಇಲ್ಲದೆಯೇ ಸರಿಹೋಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯೂ ಇದೆ. ಹಾಗಿದ್ದೂ ಸರಿಹೋದ ಪಾದ ಮತ್ತೆ ಸೊಟ್ಟಗಾಗಲು ಮುಖ್ಯ ಕಾರಣ ಒಂದೇ: ಪ್ಲಾಸ್ಟರ್ ಬಿಚ್ಚಿದ ಮೇಲೆ ಪಾದವನ್ನು ಹಿಡಿದಿಡುವ ಬ್ರೇಸ್ ಹಾಕುವುದನ್ನು ನಿಲ್ಲಿಸುವುದು.

ಪ್ಲಾಸ್ಟರ್ ವಾರಕ್ಕೊಂದು, ಸಾಮಾನ್ಯವಾಗಿ ಐದರಿಂದ ಏಳು. ಮಂಡಿಯನ್ನು 90 ಡಿಗ್ರಿ ಮಡಿಸಿ ಬೆರಳಿನಿಂದ ತೊಡೆಸಂದಿಯ ತನಕ ಹಾಕಬೇಕು. ಮಂಡಿಯ ಕೆಳಗೇ ನಿಲ್ಲಿಸಿದ್ದು ಜಾರುತ್ತದೆ. ಬೆರಳುಗಳು ಒಳಗೆ ಸೇರಿ ಕಾಣದಂತಾದರೆ, ಅಥವಾ ಬೆರಳನ್ನು ಒತ್ತಿ ಬಿಟ್ಟಾಗ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಿ. ಬೇರೇನೂ ತೊಂದರೆ ಇಲ್ಲದಿದ್ದರೆ ಪ್ಲಾಸ್ಟರ್ ಬದಲಿಸುವ ದಿನದ ಹಿಂದಿನ ರಾತ್ರಿಯೇ ಮನೆಯಲ್ಲಿ ಬಿಚ್ಚಬೇಡಿ. ವಾರವಿಡೀ ತಿದ್ದಿದ್ದರಲ್ಲಿ ಒಂದಿಷ್ಟು ಬೆಳಗಾಗುವುದರೊಳಗೆ ಹಿಂದಕ್ಕೆ ಹೋಗಿರುತ್ತದೆ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಬಿಗಿದ ಸ್ನಾಯುರಜ್ಜುವನ್ನು ಸಣ್ಣ ಗಾಯ ಮಾಡಿ ಕತ್ತರಿಸಿ ಮೂರು ವಾರ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲಿ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ.

ಈಗ ಪಾದ ನೋಡಲು ಚೆಂದವಾಗಿರುತ್ತದೆ, ಮನೆಯವರು ಎಡವುವುದೂ ಇಲ್ಲೇ. ಸರಳಿಗೆ ಎರಡು ಶೂ ಜೋಡಿಸಿದ ಬ್ರೇಸ್ ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಕಾಲಲ್ಲಿರಬೇಕು. ಆಮೇಲೆ ನಾಲ್ಕು ವರ್ಷ ತುಂಬುವ ತನಕ ರಾತ್ರಿಯ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ. ಒಂದೇ ಕಾಲು ಸೊಟ್ಟವಿದ್ದರೂ ಎರಡಕ್ಕೂ ಶೂ ಬೇಕು: ಸೊಟ್ಟವಿದ್ದದ್ದು 60-70 ಡಿಗ್ರಿ ಹೊರಕ್ಕೆ, ಇನ್ನೊಂದು 30-40. ಸರಳು ಮಗುವಿನ ಭುಜದಷ್ಟು ಅಗಲ.

ಹಿಮ್ಮಡಿಯಲ್ಲಿ ಬೊಬ್ಬೆ ಕಂಡರೆ ಮನೆಯವರು ಶೂವಿನ ಪಟ್ಟಿ ಸಡಿಲ ಮಾಡುತ್ತಾರೆ. ಆದರೆ ಬೊಬ್ಬೆ ಏಳುವುದು ಹೆಚ್ಚಾಗಿ ಸಡಿಲವಾದ ಶೂನಲ್ಲಿ ಹಿಮ್ಮಡಿ ಮೇಲೆ ಕೆಳಗೆ ಉಜ್ಜುವುದರಿಂದ. ನಡುವಿನ ಪಟ್ಟಿಯನ್ನು ಬಿಗಿ ಮಾಡಿ, ಹತ್ತಿಯ ಸಾಕ್ಸ್ ಹಾಕಿ, ಶೂವಿನ ಹಿಂಬದಿಯ ತೂತಿನಲ್ಲಿ ಹಿಮ್ಮಡಿ ಕೆಳಗೆ ಕೂತಿದೆಯೇ ನೋಡಿ. ಮೊದಲ ಕೆಲವು ರಾತ್ರಿ ಮಗು ಅಳುತ್ತದೆ, ಕಾಲುಗಳನ್ನು ಬೇರೆಬೇರೆಯಾಗಿ ಒದೆಯಲಾಗದ ಸಿಟ್ಟು ಅದು. ಸರಳು ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಮಡಿಸಿ ಚಾಚಿ ಆಡಿಸಿದರೆ ಬೇಗ ಕಲಿಯುತ್ತದೆ. "ಪಾಪ, ಬಿಚ್ಚಮ್ಮಾ" ಎನ್ನುವ ಅಜ್ಜಿಗೂ ಇದನ್ನು ತೋರಿಸಿಕೊಡಬೇಕು, ಹಗಲು ಮಗು ಇರುವುದು ಅವರ ಮಡಿಲಲ್ಲೇ.

ಇಲಾಖೆಯವರಲ್ಲಿ ನನ್ನ ಒತ್ತಾಯವಿದೆ. ಆಶಾ ಕಾರ್ಯಕರ್ತೆ ಹೇಗೂ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಹೋಗುತ್ತಾರೆ. ಆಮೇಲೆ ಬಾಲ ಸ್ವಾಸ್ಥ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಬ್ರೇಸ್ ಎಷ್ಟು ಗಂಟೆ ಹಾಕುತ್ತಿದ್ದಾರೆ, ಬೆರಳು ಶೂ ಅಂಚು ದಾಟಿದೆಯೇ, ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ ಎಂದು ಆಗಲೇ ನೋಡಲಿ. ಪಾದ ಮರಳಿ ತಿರುಗುವುದನ್ನು ಬೇಗ ಹಿಡಿದರೆ ಬಹಳಷ್ಟು ಮಕ್ಕಳಿಗೆ ಎರಡು ಮೂರು ಪ್ಲಾಸ್ಟರ್ ಸಾಕು. ಮೊದಲ ವರ್ಷ ಕೆಲವೇ ತಿಂಗಳಿಗೆ ಶೂ ಚಿಕ್ಕದಾಗುತ್ತದೆ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬಂದ ತಾಯಿಗೆ "ಸೈಜ್ ಇಲ್ಲ, ಮುಂದಿನ ವಾರ ಬಾ" ಎಂದರೆ ಬ್ರೇಸ್ ಅಟ್ಟ ಸೇರುತ್ತದೆ. ಎಲ್ಲ ಸೈಜಿನ ಶೂಗಳೂ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ತಾಯಿ ಕಾರ್ಡಿನಲ್ಲಿ ಮುಂದಿನ ಲಸಿಕೆಯ ದಿನಾಂಕದ ಪಕ್ಕ ಶೂ ಬದಲಿಸುವ ದಿನಾಂಕವನ್ನೂ ಬರೆದುಕೊಡಲಿ.