ಮರಳು ಸರಿದರೂ ಬೋಯಾ ಸರಿಯದು

ಮಂಗಳೂರಿನ ಹಳೆ ಬಂದರಿನ ಅಳಿವೆ ಬಾಗಿಲಿನಲ್ಲಿ ವರ್ಷಾನುಗಟ್ಟಲೆಯಿಂದ ನಡೆದು ಬಂದಿರುವ ಅಶಿಸ್ತನ್ನು ಯಾರೂ ಗಂಭೀರವಾಗಿ ಪರಿಗಣಿಸದಿರುವುದು ವಿಷಾದದ ಸಂಗತಿ. ಬೆಂಗ್ರೆಗೂ ಉಳ್ಳಾಲಕ್ಕೂ ನಡುವೆ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಒಟ್ಟಾಗಿ ಸಮುದ್ರ ಸೇರುವ ಈ ಜಾಗದಲ್ಲಿ ಬೋಟುಗಳು ಹೋಗಿಬರುವ ದಾರಿ ಯಾವುದೆಂದು ಸರ್ವೆ ನಕ್ಷೆಯಲ್ಲಿ ಸ್ಪಷ್ಟವಾಗಿ ಗೆರೆ ಎಳೆದು ತೋರಿಸಿದ್ದರೂ, ಮರಳು ಮಾತ್ರ ಆ ನಕ್ಷೆಯನ್ನು ಒಮ್ಮೆಯೂ ತೆರೆದು ನೋಡದೆ ತನಗೆ ತೋಚಿದಲ್ಲಿ ಬಂದು ಕೂರುತ್ತದೆ.

ನಿಜಕ್ಕೂ ಇದರಲ್ಲಿ ಗುಟ್ಟೇನೂ ಇಲ್ಲ. ಮಳೆಗಾಲದ ಅಲೆಗಳು ದಡದುದ್ದಕ್ಕೂ ಮರಳನ್ನು ಎಳೆದು ತಂದು ಬಾಗಿಲಿಗೆ ಸುರಿಯುತ್ತವೆ, ನೆರೆ ಬಂದಾಗ ಹೊಳೆ ಅದನ್ನು ಕೊರೆದು ಹೊರಗೆ ತಳ್ಳುತ್ತದೆ, ನೆರೆ ಇಳಿದ ಮೇಲೆ ಮೇಲಿನಿಂದ ಬರುವ ನೀರಿಗೆ ತಳ್ಳುವ ಬಲ ಉಳಿಯುವುದಿಲ್ಲ. ಆಮೇಲೆ ದಿನಕ್ಕೆರಡು ಬಾರಿಯ ಉಬ್ಬರ ಇಳಿತಗಳೇ ದಿಬ್ಬವನ್ನು ಅತ್ತಿತ್ತ ಸರಿಸುತ್ತಾ ಆಳದ ದಾರಿಯನ್ನು ಒಂದು ವರ್ಷ ಬಡಗಿಗೂ ಇನ್ನೊಂದು ವರ್ಷ ತೆಂಕಿಗೂ ಹೊರಳಿಸುತ್ತವೆ. ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬೋಟು ನಡೆಸುವ ಯಾವ ತಂಡೇಲನನ್ನು ಕೇಳಿದರೂ ಇಷ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತಾನೆ. ಹೇಳಿದ್ದಕ್ಕೆ ಶುಲ್ಕ ಕೇಳುವುದಿಲ್ಲವಾದ್ದರಿಂದ ಅದನ್ನು ತಜ್ಞರ ವರದಿ ಎಂದು ಪರಿಗಣಿಸಲು ಬರುವುದಿಲ್ಲ.

ಬೋಟುಗಳಿಗೆ ಆಳದ ದಾರಿ ತೋರಿಸಲು ನೀರಿನಲ್ಲಿ ತೇಲಬಿಡುವ ಬೋಯಾ ಎಂಬ ವಸ್ತುವನ್ನು ಕಂಡುಹಿಡಿದವರ ಉದ್ದೇಶವನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಸಮುದ್ರದಿಂದ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ಭಾರತದಲ್ಲಿ ನಡೆಯುವ ನಿಯಮ. ಅಮೆರಿಕದಲ್ಲಿ ಇದೇ ತಿರುಗುಮುರುಗು. ತಳದಲ್ಲೊಂದು ಭಾರದ ಕಾಂಕ್ರೀಟ್ ಗುಂಡು, ಅದಕ್ಕೊಂದು ಸರಪಳಿ, ಮೇಲೆ ತೇಲುವ ಡಬ್ಬಿ, ಅದರ ನೆತ್ತಿಯ ಮೇಲೊಂದು ದೀಪ. ದಾರಿ ಸರಿದಾಗ ಗುಂಡನ್ನೆತ್ತಿ ಹೊಸ ಜಾಗದಲ್ಲಿ ಇಳಿಸಲಿ ಎಂದೇ ಅದನ್ನು ನೆಲಕ್ಕೆ ಹುಗಿಯದೆ ತೇಲಬಿಟ್ಟಿದ್ದಾರೆ. ಕೋಲ್ಕತ್ತದ ಹೂಗ್ಲಿ ನದಿಯಲ್ಲಿ ಬ್ರಿಟಿಷರ ಕಾಲದಿಂದಲೂ ಮರಳಿನ ದಿಬ್ಬಗಳನ್ನು ಪದೇ ಪದೇ ಅಳೆದು, ಬೋಯಾಗಳನ್ನು ಜಾಗ ಬದಲಿಸಿ, ಹಡಗಿನವರಿಗೆ ಸೂಚನೆ ಕಳಿಸುವುದೇ ಒಂದು ದೊಡ್ಡ ಕಸುಬು; ಅಷ್ಟಾದರೂ ಆ ನದಿ ಎಷ್ಟೋ ಹಡಗುಗಳನ್ನು ನುಂಗಿದೆ. ನಮ್ಮ ಕರಾವಳಿಯಲ್ಲಾದರೋ ಬೋಯಾವನ್ನು ಸರ್ವೆಯವರ ಗಡಿಕಲ್ಲಿನಂತೆ ಭಾವಿಸಿ, ಒಮ್ಮೆ ನೆಟ್ಟ ಮೇಲೆ ಕದಲಿಸುವುದು ಅಪರಾಧವೆಂದು ತಿಳಿಯುವ ಸಂಪ್ರದಾಯ ಬೆಳೆದಿದೆ. ಹೀಗಾಗಿ ಹೊಳೆ ಪಥ ಬದಲಿಸಿದ ಮೇಲೂ ಬೋಯಾ ಹಳೆಯ ನಕ್ಷೆಗೆ ನಿಷ್ಠವಾಗಿ, ನೀರುಕಾಗೆಗಳ ಹಿಕ್ಕೆಯಿಂದ ಕೆಂಪೋ ಹಸಿರೋ ಗೊತ್ತಾಗದಷ್ಟು ಬೆಳ್ಳಗಾಗಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ದೊಡ್ಡ ಬೋಟುಗಳನ್ನು ತನ್ನತ್ತ ಕರೆಯುತ್ತಿರುತ್ತದೆ. ಮಳೆಗಾಲದಲ್ಲಿ ಸರಪಳಿ ಕಡಿದುಕೊಂಡು ದಡಕ್ಕೆ ಬಂದು ಬಿದ್ದ ಬೋಯಾವೊಂದೇ ಇವುಗಳಲ್ಲಿ ಪ್ರಾಮಾಣಿಕವಾದುದು, ಏಕೆಂದರೆ ಮರಳು ಎತ್ತ ಹೋಗುತ್ತಿದೆ ಎಂಬುದನ್ನು ಅದು ಸ್ವತಃ ಹೋಗಿ ತೋರಿಸಿಕೊಟ್ಟಿದೆ. ಕರ್ತವ್ಯಲೋಪದ ಟಿಪ್ಪಣಿ ಬರೆಯುವುದಿದ್ದರೂ ಅದರ ಮೇಲೆಯೇ ಬರೆಯುತ್ತಾರೆ.

ಇನ್ನು ಹೂಳೆತ್ತುವ ಕಾರ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬಾಗಿಲು ತೆರವಾಗಿರಬೇಕಾದದ್ದು ಆಗಸ್ಟ್‌ನಲ್ಲಿ. ಟೆಂಡರ್, ಮರುಟೆಂಡರ್, ಅಂದಾಜು ಪಟ್ಟಿಯ ಪರಿಷ್ಕರಣೆಗಳನ್ನೆಲ್ಲ ದಾಟಿ ಡ್ರೆಜ್ಜರ್ ಬಂದು ನಿಲ್ಲುವುದು ಮಳೆಗೆ ಮೋಡ ಕಟ್ಟುವಾಗ. ಕೆಲಸದ ಬಿಲ್ಲು ಘನ ಮೀಟರಿನ ಲೆಕ್ಕದಲ್ಲಿ ಆಗುವುದರಿಂದ, ಎತ್ತಿದ ಮರಳನ್ನು ಹೆಚ್ಚು ದೂರ ಒಯ್ಯದೆ ಪಕ್ಕದಲ್ಲೇ ಸುರಿದರೆ ಮುಂದಿನ ಉಬ್ಬರ ಅದನ್ನು ವಿಧೇಯವಾಗಿ ಹಿಂದಕ್ಕೆ ತರುತ್ತದೆ, ಅದೇ ಮರಳನ್ನು ಎರಡನೆಯ ಸಲ ಎತ್ತಬಹುದು. ಒಂದೇ ಮರಳಿನಿಂದ ಇಷ್ಟೊಂದು ಅಭಿವೃದ್ಧಿ ಸಾಧಿಸುವ ವಿದ್ಯೆ ಬೇರೆ ಯಾವ ಇಲಾಖೆಗೂ ಸಿದ್ಧಿಸಿಲ್ಲ.

ಅದೇ ಹೊಳೆಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಮರಳಿಗೆ ಚಿನ್ನದ ಬೆಲೆ. ಅಲ್ಲಿ ದಿಬ್ಬ ತೆರವು ಮಾಡಲು ಪರವಾನಗಿ ಬೇಕು, ಯಂತ್ರ ಬಳಸಕೂಡದು, ಕೈಯಿಂದಲೇ ತೆಗೆಯಬೇಕು; ಇವೆಲ್ಲ ಇದ್ದೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಸರ್ವೆಯೂ ಇಲ್ಲದೆ, ಟೆಂಡರೂ ಇಲ್ಲದೆ ಲಾರಿಗಟ್ಟಲೆ ಮರಳು ಮಾಯವಾಗುತ್ತದೆ. ಅಂದರೆ ಬೇಕಾದ ಮರಳನ್ನು ತೆಗೆಯದಂತೆ ಕಾಯಲು ಪೊಲೀಸರು, ಬೇಡದ ಮರಳನ್ನು ತೆಗೆಯುವಂತೆ ಬೇಡಿಕೊಳ್ಳಲು ಮೀನುಗಾರರು. ಅಳಿವೆಯ ಮರಳಿನಲ್ಲಿ ಉಪ್ಪಿರುವುದರಿಂದ ಕಳ್ಳರು ಅದನ್ನು ಮೂಸುವುದಿಲ್ಲ ಎಂಬುದೊಂದೇ ಆಡಳಿತದ ಪಾಲಿನ ದುರದೃಷ್ಟ.

ಈ ನಡುವೆ 2016ರ ಕಾಯ್ದೆಯ ಪ್ರಕಾರ ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳಾದವು. ನಮ್ಮ ನೇತ್ರಾವತಿಗೆ 74ನೆಯ ಸಂಖ್ಯೆ ದೊರೆತಿದ್ದು, ಧರ್ಮಸ್ಥಳದಿಂದ ಬೆಂಗ್ರೆಯ ಕಡಲಿನವರೆಗೆ 78 ಕಿಲೋಮೀಟರ್ ಉದ್ದಕ್ಕೂ ಅದು ಈಗ ಹೆದ್ದಾರಿಗೆ ಸಮಾನ. ಈ ಹೆದ್ದಾರಿಗೆ ಅಡ್ಡಲಾಗಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟು ಇದೆ. ಮೇಲ್ತುದಿಯಲ್ಲಿ 2019ರ ಬೇಸಿಗೆಯಲ್ಲಿ ನೀರಿನ ಅಭಾವದಿಂದ ಭಕ್ತರು ಯಾತ್ರೆಯನ್ನು ಮುಂದೂಡಬೇಕೆಂದು ಕ್ಷೇತ್ರವೇ ಕೋರಿಕೊಳ್ಳಬೇಕಾಯಿತು. ಕೆಳತುದಿಯ ಸಂಗತಿಯನ್ನು ಈಗಾಗಲೇ ಹೇಳಿದ್ದಾಗಿದೆ. ಹಡಗು ಹತ್ತಲು ಮೇಲೆ ನೀರಿಲ್ಲ, ಇಳಿಯಲು ಕೆಳಗೆ ಆಳವಿಲ್ಲ, ನಡುವೆ ಗೋಡೆಯಿದೆ ಎಂಬ ಸಣ್ಣಪುಟ್ಟ ಆಕ್ಷೇಪಗಳನ್ನು ಬಿಟ್ಟರೆ ಸಂಖ್ಯೆಯಂತೂ ಭದ್ರವಾಗಿದೆ.

ದಿಬ್ಬಕ್ಕೆ ತಾಗಿ ನಿಂತ ಬೋಟಿನ ಮೇಲೆ ಹಿಂದಿನಿಂದ ಅಲೆ ಮುರಿದು ಬಿದ್ದರೆ ಏನಾಗುತ್ತದೆಂಬುದು ಕರಾವಳಿಯ ಪ್ರತಿ ಮೀನುಗಾರ ಕೇರಿಗೂ ಗೊತ್ತು. ಆದ್ದರಿಂದಲೇ ಅವರು ಬೋಯಾವನ್ನು ನಂಬದೆ ನಾಡದೋಣಿಯಲ್ಲಿ ಹೋಗಿ ಗಳ ಇಳಿಸಿ ಆಳ ನೋಡುತ್ತಾರೆ, ಖಾಲಿ ಕ್ಯಾನುಗಳಿಗೆ ಹಗ್ಗ ಕಟ್ಟಿ ತಮ್ಮದೇ ಗುರುತು ಬಿಡುತ್ತಾರೆ, ಆಮೇಲೆ ಮನವಿ ಬರೆಯುತ್ತಾರೆ. ದಿಬ್ಬ ಇರುವ ಜಾಗವನ್ನು ಅಕ್ಷಾಂಶ ರೇಖಾಂಶ ಸಹಿತ ನಮೂದಿಸಿ ಮೂರು ಪ್ರತಿಗಳಲ್ಲಿ ಸಲ್ಲಿಸಬೇಕೆಂದು ಹೇಳಿದರೆ ಹಾಗೆಯೇ ಸಲ್ಲಿಸುತ್ತಾರೆ. ಕಡತಕ್ಕೆ ಸಂಖ್ಯೆ ಬಿದ್ದು, ಮೇಜಿನಿಂದ ಮೇಜಿಗೆ ಏರಿ, ಸ್ಥಳ ಪರಿಶೀಲನೆಯ ದಿನ ಬರುವ ಹೊತ್ತಿಗೆ ಒಂದು ಮಳೆಗಾಲ ಮುಗಿದು ದಿಬ್ಬ ಇನ್ನೂರು ಮಾರು ಆಚೆ ಹೋಗಿರುತ್ತದೆ. ಆಗ ನಿಯಮಾನುಸಾರ ಕೊಡಬಹುದಾದ ಹಿಂಬರಹ ಒಂದೇ: ಮನವಿಯಲ್ಲಿ ನಮೂದಿಸಿದ ಸ್ಥಳದಲ್ಲಿ ಪರಿಶೀಲಿಸಲಾಗಿ ಯಾವುದೇ ಮರಳು ದಿಬ್ಬ ಕಂಡುಬಂದಿರುವುದಿಲ್ಲವಾದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ.