ಬಂದ ತಾರೀಖು, ಬಲ್ಲ ಕಸುಬು

ಟೊರಾಂಟೊದ ಪಾರ್ಕ್‌ಡೇಲ್ ಬಡಾವಣೆಯ ವೃದ್ಧಾಶ್ರಮದಲ್ಲಿರುವ, ನಮ್ಮ ಹಾಸನದ ಕಡೆಯ ಹಿರಿಯರೊಬ್ಬರನ್ನು ನೋಡಲು ಹೋಗಿದ್ದೆ. ಅವರಿಗೆ ಗಂಜಿ ಕುಡಿಸುತ್ತಿದ್ದ ಹೆಣ್ಣುಮಗಳು "ಅಜ್ಜೀ, ಇನ್ನೊಂದೇ ಒಂದು ಚಮಚ" ಎಂದು ಮೈಸೂರಿನ ಕನ್ನಡದಲ್ಲಿ ಪುಸಲಾಯಿಸುವುದನ್ನು ಕೇಳಿ ಬೆರಗಾದೆ. ಆಕೆ ಬೈಲುಕುಪ್ಪೆಯಲ್ಲಿ ಹುಟ್ಟಿದ ಟಿಬೆಟನ್, ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಅಲ್ಲಿಯೇ ಖಾಸಗಿ ಆಸ್ಪತ್ರೆಯಲ್ಲಿ ದುಡಿದು, ಮದುವೆಯ ನಂತರ ಇಲ್ಲಿಗೆ ಬಂದವರು. "ಗೌರ್ಮೆಂಟ್ ಕೆಲಸಕ್ಕೆ ಅರ್ಜಿ ಹಾಕೋಕೇ ಆಗ್ಲಿಲ್ಲ ಸಾರ್, ನಮ್ದು ಆರ್‌ಸಿ ಅಲ್ವಾ" ಎಂದು, ಭಾರತದ ಪ್ರಜೆಗಳಲ್ಲದ ಟಿಬೆಟನ್ನರು ಇಟ್ಟುಕೊಳ್ಳಬೇಕಾದ ನೋಂದಣಿ ಪುಸ್ತಕವನ್ನು ನೆನೆದು, ಅವರು ಸಹಜವಾಗಿ ಹೇಳಿದ ಮಾತು ನನ್ನನ್ನು ಚುಚ್ಚಿತು.

ನಮ್ಮಲ್ಲಿ ಸರ್ಕಾರಿ ನೇಮಕಾತಿಯ ಅಧಿಸೂಚನೆಗಳನ್ನು ಓದಿದವರಿಗೆ ಆ ಸಾಲು ಗೊತ್ತಿರುತ್ತದೆ: ಅಭ್ಯರ್ಥಿ ಭಾರತದ ಪ್ರಜೆಯಾಗಿರಬೇಕು, ಇಲ್ಲವೇ ಖಾಯಂ ಆಗಿ ನೆಲೆಸುವ ಉದ್ದೇಶದಿಂದ 1962ರ ಜನವರಿ 1ಕ್ಕೆ ಮುಂಚೆ ಬಂದ ಟಿಬೆಟನ್ ನಿರಾಶ್ರಿತನಾಗಿರಬೇಕು. ಅಂದು ಹಸುಗೂಸಾಗಿ ಬಂದವರಿಗೂ ಈಗ ನಿವೃತ್ತಿಯ ವಯಸ್ಸು ದಾಟಿದೆ. ಮುಂಡಗೋಡಿನ ಟಿಬೆಟನ್ ಶಿಬಿರ ಆರಂಭವಾದದ್ದೇ 1966ರಲ್ಲಿ. ಹೀಗಿದ್ದೂ ಆ ಸಾಲು ಇಂದಿಗೂ ಅಚ್ಚಾಗುತ್ತಿದೆ. ನಮ್ಮ ನೆಲದಲ್ಲೇ ಹುಟ್ಟಿ, ನಮ್ಮ ಕಾಲೇಜಿನಲ್ಲೇ ಕಲಿತ ಮಗಳಿಗೆ ಅದು ಯಾವ ದಾರಿಯನ್ನೂ ತೋರಿಸುವುದಿಲ್ಲ.

ಕೆನಡಾ ನಿರಾಶ್ರಿತರಿಗಾಗಿ 2018ರಲ್ಲಿ ಆರಂಭಿಸಿದ ಎಕನಾಮಿಕ್ ಮೊಬಿಲಿಟಿ ಪಾಥ್‌ವೇಸ್ ಪೈಲಟ್ ಎಂಬ ಪ್ರಾಯೋಗಿಕ ಯೋಜನೆ ಬೇರೆಯದೇ ಪ್ರಶ್ನೆ ಕೇಳಿತು: ನಿಮಗೆ ಯಾವ ಕೆಲಸ ಬರುತ್ತದೆ? ಕೀನ್ಯಾದ ಶಿಬಿರದಲ್ಲೋ ಜೋರ್ಡಾನ್, ಲೆಬನಾನ್‌ಗಳ ಬಾಡಿಗೆ ಕೋಣೆಯಲ್ಲೋ ದಿನ ನೂಕುತ್ತಿದ್ದ ದಾದಿ, ಬಡಗಿ, ಸಾಫ್ಟ್‌ವೇರ್ ಬಲ್ಲವರನ್ನು ಇಲ್ಲಿನ ಉದ್ಯೋಗದಾತರು ಸಂದರ್ಶಿಸಿದರು. ನೋವಾ ಸ್ಕೋಷಿಯಾ ಪ್ರಾಂತ್ಯದ ವೃದ್ಧಾಶ್ರಮಗಳು ಆರೈಕೆಗೆ ಜನ ಸಾಲದೆ ಹೀಗೆಯೇ ಕೆಲವರನ್ನು ಕರೆಸಿಕೊಂಡಿವೆ. ಯುದ್ಧದಿಂದ ಓಡಿಬಂದವರ ಪಾಸ್‌ಪೋರ್ಟ್ ಅವಧಿ ಮುಗಿದಿರುವುದು, ಬ್ಯಾಂಕಿನಲ್ಲಿ ಹಣವಿಲ್ಲದಿರುವುದು ಸಾಮಾನ್ಯ. ಇವೇ ಅಡ್ಡಿಯಾಗಬಾರದೆಂದು ನಿಯಮಗಳನ್ನು ಸಡಿಲಿಸಿದರು, ಅರ್ಜಿಯ ಶುಲ್ಕವನ್ನೂ ಬಿಟ್ಟರು. ಎಲ್ಲಕ್ಕಿಂತ ದೊಡ್ಡದೆಂದರೆ, ಆಯ್ಕೆಯಾದವರು ವಿಮಾನ ಇಳಿಯುವಾಗಲೇ ಖಾಯಂ ನಿವಾಸಿಗಳಾಗಿರುತ್ತಿದ್ದರು. ನಮ್ಮಲ್ಲಿನ ಟಿಬೆಟನ್ನರಂತೆ ಪ್ರತಿ ಸಲ ಪೊಲೀಸ್ ಕಚೇರಿಯಲ್ಲಿ ಆರ್‌ಸಿ ಪುಸ್ತಕ ನವೀಕರಿಸಿಕೊಳ್ಳುವ ಪಾಡು ಅವರಿಗಿರಲಿಲ್ಲ. ಆಸ್ಟ್ರೇಲಿಯಾ ಮತ್ತು ಬ್ರಿಟನ್ 2021ರಲ್ಲಿ ಇದೇ ಬಗೆಯ ಪ್ರಯೋಗಕ್ಕೆ ಇಳಿದವು. ನಿರಾಶ್ರಿತರಿಗೆ ಅನ್ನ, ಸೂರು ಕೊಟ್ಟರೆ ಕರ್ತವ್ಯ ಮುಗಿಯಿತೆಂದು ತಿಳಿದಿರುವ ನಾವು ಇದನ್ನು ಕಲಿಯಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆದರೂ ಊರಿನ ಋಣವನ್ನು ಮುಚ್ಚಿಡಲಾರೆ. 1960ರ ದಶಕದ ಬಡತನದಲ್ಲಿಯೂ ಬೈಲುಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟ ಮೈಸೂರು ರಾಜ್ಯ, ಬಂದವರ ಪದವಿಯನ್ನಾಗಲಿ ಇಂಗ್ಲಿಷನ್ನಾಗಲಿ ಕೇಳಲಿಲ್ಲ. ಆರಿಸಿ ಕರೆಯುವ ಕೆನಡಾದ ಯೋಜನೆಯಲ್ಲಿ ಕಸುಬಿಲ್ಲದ ಮುದುಕರಿಗೆ, ಓದು ಅರ್ಧಕ್ಕೆ ನಿಂತ ಹುಡುಗರಿಗೆ ಜಾಗವಿರಲಿಲ್ಲ. ಪದವಿ ಪಡೆದ ದಾದಿ ಇಲ್ಲಿ ಪರವಾನಗಿಯ ಪರೀಕ್ಷೆಗೆ ಓದುತ್ತಾ ಆರೈಕೆಯ ಸಹಾಯಕಿಯಾಗಿಯೇ ದುಡಿಯಬೇಕಾಗಿರುವುದೂ ನ್ಯಾಯವಲ್ಲ. ಓದಿದ ವೃತ್ತಿಯಲ್ಲಿ, ಅದು ನರ್ಸಿಂಗ್ ಆಗಲಿ ಬೋಧನೆಯಾಗಲಿ, ಟಿಬೆಟನ್ನರಿಗೆ ದುಡಿಯಲು ಬಿಡಬೇಕೆಂದು ನಮ್ಮ ಕೇಂದ್ರ ಸರ್ಕಾರದ 2014ರ ಪುನರ್ವಸತಿ ನೀತಿ ಹೇಳಿದೆ ಎಂಬುದನ್ನೂ ಒಪ್ಪಬೇಕು.

ಆ ನೀತಿಯನ್ನು ನೇಮಕಾತಿಯ ನಿಯಮದೊಳಕ್ಕೂ ತಂದು, ಬಂದ ತಾರೀಖಿನ ಷರತ್ತನ್ನು ತೆಗೆದು, ಭಾರತದಲ್ಲೇ ಹುಟ್ಟಿ ಅಲ್ಲೇ ಓದಿದವರೂ ಅರ್ಜಿ ಹಾಕಬಹುದೆಂದು ಬರೆದರೆ, ಪಿರಿಯಾಪಟ್ಟಣ ತಾಲ್ಲೂಕಿನ ಆರೋಗ್ಯ ಕೇಂದ್ರಗಳಿಗೆ ಬೈಲುಕುಪ್ಪೆಯಿಂದಲೇ ದಾದಿಯರು ಬರಬಹುದು.