ಕುಲುಕಿದರೆ ನೊರೆ: ಹಾಲಿನಲ್ಲಿ ಸೋಪು ಇದೆಯೇ?

ಬಾಟಲಿಯಲ್ಲಿ ಕುಲುಕಿದಾಗ ಹಾಲಿನಲ್ಲಿ ನೊರೆ ಬಂದರೆ ಡಿಟರ್ಜೆಂಟ್ ಬೆರೆಸಿದ್ದಾರೆ ಎನ್ನುವ ವಾಟ್ಸಾಪ್ ಸಂದೇಶ ಮಂಡ್ಯದ ಕಡೆಯೂ ಆಗಾಗ ಸುತ್ತು ಹೊಡೆಯುತ್ತದೆ. ಕಲಬೆರಕೆಯ ಭಯ ಸುಳ್ಳಲ್ಲ, ಪರೀಕ್ಷೆಯ ಅರ್ಥ ಮಾತ್ರ ತಪ್ಪು. ಆಗತಾನೇ ಕರೆದ ಹಾಲೂ ತಂಬಿಗೆಯಲ್ಲಿ ನೊರೆ ಕಟ್ಟುತ್ತದಲ್ಲ!

ಕಾರಣ ಹಾಲಿನ ಪ್ರೋಟೀನು. ಅದರ ಅಣುವಿನ ಒಂದು ಭಾಗಕ್ಕೆ ನೀರು ಒಗ್ಗುತ್ತದೆ, ಇನ್ನೊಂದಕ್ಕೆ ಒಗ್ಗದು. ಹಾಗಾಗಿ ಗಾಳಿಗುಳ್ಳೆಯ ಸುತ್ತ ತಾನಾಗಿಯೇ ಸೇರಿ ಪೊರೆಯಾಗುತ್ತದೆ. ಡಿಟರ್ಜೆಂಟ್ ಅಣುವಿನದೂ ಇದೇ ಸ್ವಭಾವ.

ನೋಡಬೇಕಾದ್ದು ನೊರೆಯ ದಪ್ಪ. 10 ಮಿ.ಲೀ. ಹಾಲಿಗೆ ಅಷ್ಟೇ ನೀರು ಬೆರೆಸಿ ಜೋರಾಗಿ ಕುಲುಕಿ. ಶುದ್ಧ ಹಾಲಾದರೆ ತೆಳು ಪದರ, ಡಿಟರ್ಜೆಂಟ್ ಇದ್ದರೆ ಒತ್ತಾದ ನೊರೆ. ನಂಬಿಕೆಯ ಹಾಲನ್ನೂ ಅದೇ ಅಳತೆಯಲ್ಲಿ ಕುಲುಕಿ ಪಕ್ಕದಲ್ಲಿಟ್ಟು ಹೋಲಿಸಿ. ಸೋಪು ಹಚ್ಚಿ ತೊಳೆದು ಸರಿಯಾಗಿ ಜಾಲಿಸದ ಬಾಟಲಿಯೇ ಮೋಸ ಮಾಡೀತು. ಅಲ್ಪಸ್ವಲ್ಪ ಬೆರಕೆ ಈ ಕುಲುಕಾಟಕ್ಕೆ ಸಿಗದೆಯೂ ಹೋಗಬಹುದು. ಅನುಮಾನ ಉಳಿದರೆ ಆಹಾರ ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಿ.